ಮುತ್ಯಾಲು ಇನ್ನೂ ನಿಂತಿದ್ದಾಳೆ

ಕೆರೆಯೂ ನಮ್ಮದಲ್ಲ, ಕುದುರೆಯೂ ನಮ್ಮದಲ್ಲ ಎಂದು ಫೋನಿನಲ್ಲೇ ಹೇಳಿಸಿ ಕೈ ತೊಳೆದುಕೊಂಡ ಮಾನ್ಯ ಅಧಿಕಾರಿಗಳೇ,

ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ನಮ್ಮ ಪಕ್ಕದ ಮನೆಯವರ ರೇಷ್ಮೆ ಹುಳುಮನೆಯಲ್ಲಿ ಒಂದು ಬಿಳಿ ಕುದುರೆ ನಿಂತಿದೆ. ನಿಂತಿದೆ ಎಂದರೆ ತನ್ನ ಬಲದಿಂದಲ್ಲ. ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿ ಹಾಕಿ, ಅದನ್ನು ಮೇಲಿನ ಕಬ್ಬಿಣದ ತೊಲೆಗೆ ಬಿಗಿದು, ನನ್ನ ತಮ್ಮ ಭುಜ ಕೊಟ್ಟು ನಿಲ್ಲಿಸಿಕೊಂಡಿದ್ದಾನೆ. ಅದಕ್ಕೆ ಜ್ವರ. ಉಸಿರೆಳೆದರೆ ಎದೆಯಲ್ಲಿ ಗೊರಗೊರ ಸದ್ದು. ಬೆಂಗಳೂರಿನ ದೊಡ್ಡ ಪಶು ಆಸ್ಪತ್ರೆಗೆ ಸೇರಿಸಿದರೆ ಬದುಕೀತು, ಇಲ್ಲೇ ಇದ್ದರೆ ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ಸಾಗಿಸಲು ಬೇಕಾದ, ಪ್ರಾಣಿಯನ್ನು ಎತ್ತಿ ಕೂರಿಸುವ ವಾಹನ ನಿಮ್ಮ ತಾಲ್ಲೂಕು ಕಚೇರಿಯ ಬೇವಿನ ಮರದ ನೆರಳಿನಲ್ಲಿ ಆರಾಮವಾಗಿದೆ. ಅದನ್ನು ಕಳಿಸಿ ಎಂದು ಕೇಳುವುದಕ್ಕೇ ಈ ಪತ್ರ. ಮುಚ್ಚಿದ ಲಕೋಟೆಗಳನ್ನು ತೆರೆದು ನೋಡುವ ಅಭ್ಯಾಸ ತಮಗಿಲ್ಲದ್ದರಿಂದ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಹುತ್ತೂರಿನ ಕಡೆಯ ಒಂದು ಸಣ್ಣ ಊರು. ನಾನು ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಹಸುಗಳೇ. ಹಸು ಕೆಮ್ಮಿದರೂ ಯಾಕೆ ಕೆಮ್ಮಿತು ಎಂದು ಹೇಳುವ ಜನ ನಾವು. ಇಂಥ ಮನೆಗೆ ನನ್ನ ತಮ್ಮ ಕದಿರೇಶ ಒಂದು ದಿನ ಬಿಳಿ ಹೆಣ್ಣು ಕುದುರೆಯನ್ನು ಹೊಡೆದುಕೊಂಡು ಬಂದ. ಮದುವೆ ಮೆರವಣಿಗೆಗೆ ಗಂಡನ್ನು ಕೂರಿಸುವ ಕೆಲಸವಂತೆ. ಹಾಲು ಕೊಡುತ್ತಾ ಎಂದು ಡೈರಿಯಲ್ಲಿ ಎಲ್ಲರೂ ಅವನ ಕಾಲೆಳೆದರು. ಸುಳ್ಳೇಕೆ, ನಾನೂ ಎಳೆದೆ. ಆದರೆ ಮುಳಬಾಗಿಲಿನಿಂದ ಶ್ರೀನಿವಾಸಪುರದವರೆಗೆ ಎಷ್ಟೋ ಮದುಮಕ್ಕಳನ್ನು ಆ ಕುದುರೆ ಹೊತ್ತು ಇಳಿಸಿತು. ಕಿವಿಯ ಪಕ್ಕದಲ್ಲೇ ಬ್ಯಾಂಡ್‌ಸೆಟ್ ಬಾರಿಸಿದರೂ ಬೆದರುತ್ತಿರಲಿಲ್ಲ. ನಮ್ಮಮ್ಮ ಆಂಜಿನಮ್ಮ ಅದಕ್ಕೆ ಮುತ್ಯಾಲು ಎಂದು ಹೆಸರಿಟ್ಟಳು. ಹಸುಗಳಿಗೆ ಮುಂಚೆ ಅದಕ್ಕೇ ಕಲಗಚ್ಚು ಇಡತೊಡಗಿದಳು. ಅಲ್ಲಿಂದ ಮುತ್ಯಾಲು ನಮ್ಮ ಮನೆಯಲ್ಲಿ 'ಅದು' ಆಗಿ ಉಳಿಯಲಿಲ್ಲ.

ಇನ್ನು ಕೆರೆಯ ವಿಷಯ. ಕೆರೆ ಒಣಗಿದ್ದ ವರ್ಷಗಳಲ್ಲಿ ಅದರ ಅಂಗಳದ ಗೋಡುಮಣ್ಣನ್ನು ಇಟ್ಟಿಗೆ ಗೂಡುಗಳಿಗೆಂದು ಹಗಲಲ್ಲೇ ಲಾರಿಗಳು ಹೊತ್ತವು. ಯಾರ ಗೂಡು, ಯಾರ ಲಾರಿ ಎಂದು ನಮಗಿಂತ ತಮಗೇ ಚೆನ್ನಾಗಿ ಗೊತ್ತು. ಅವು ಬಿಟ್ಟುಹೋದದ್ದು ಮನೆ ಮುಳುಗುವಷ್ಟು ಆಳದ ಹಳ್ಳ. ಈಗ ಕೆರೆಗೆ ನೀರು ಬಂದಿದೆ, ಸಂತೋಷ. ಹಳ್ಳದಲ್ಲಿ ಕೆಸರು ತುಂಬಿ ಮೇಲೆ ಜೊಂಡು ಬೆಳೆದು, ಎಲ್ಲಿ ನೆಲ ಎಲ್ಲಿ ಹಳ್ಳ ಎಂದು ತಿಳಿಯದ ಹಾಗೆ ಸಮನಾಗಿದೆ. ಬೇಲಿಯನ್ನಾದರೂ ಹಾಕಿಸಿ ಎಂದು ಊರಿನವರು ನಿಮ್ಮ ಕಚೇರಿಯ ಬಾಗಿಲಿಗೆ ಬಂದಾಗ 'ಪರಿಶೀಲಿಸಲಾಗುವುದು' ಎಂದಿರಿ. ಪರಿಶೀಲನೆಯನ್ನು ಕೊನೆಗೆ ಮುತ್ಯಾಲು ಮಾಡಿದಳು. ಹೋದ ವಾರ ಬೆಳಿಗ್ಗೆ ನೀರು ಕುಡಿಯಲು ಇಳಿದವಳು ಎದೆಯವರೆಗೂ ಹೂತುಹೋದಳು.

ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಕೆರೆ ನಮ್ಮ ಇಲಾಖೆಗೆ ಬರುವುದಿಲ್ಲ ಎಂದರು. ಕುದುರೆ ಸಾಯುತ್ತಿದೆ ಎಂದೆ. ಕುದುರೆಗೆ ಯಾವ ಯೋಜನೆಯೂ ಇಲ್ಲ ಎಂದರು. ಸ್ವಾಮಿ, ಕೆಸರಿನಲ್ಲಿ ಮುಳುಗುತ್ತಿರುವ ಜೀವ ಯಾವ ಯೋಜನೆಯಡಿ ಮುಳುಗಬೇಕು ಎಂದು ಮೊದಲೇ ಕೇಳಿಕೊಂಡು ಇಳಿಯಬೇಕಿತ್ತೇ?

ಅಗ್ನಿಶಾಮಕದವರು ಬಂದರು, ಅವರಿಗೆ ಕೈಮುಗಿಯುತ್ತೇನೆ. ಆದರೆ ಲಾರಿಗಳು ಕಿತ್ತುಹಾಕಿದ ದಾರಿಯಲ್ಲಿ ಅವರ ವಾಹನ ಕೆರೆ ಏರಿಯ ಆಚೆಗೆ ಬರಲಾಗಲಿಲ್ಲ. ಅವರು ನಡೆದೇ ಕೆಸರಿಗೆ ಇಳಿದರು. ಇಳಿದವರೂ ಸೊಂಟದವರೆಗೆ ಹೂತರು. ಆಗ ಪಕ್ಕದ ಮನೆಯ ಶ್ಯಾಮಲಮ್ಮ ಮನೆಗೆ ಹೋಗಿ, ರೇಷ್ಮೆಹುಳು ಗೂಡು ಕಟ್ಟಲು ಇಡುವ ತನ್ನ ಬಿದಿರಿನ ಚಂದ್ರಿಕೆಗಳನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿಸಿಕೊಂಡು ಬಂದಳು. ಅವನ್ನು ಕೆಸರಿನ ಮೇಲೆ ಒಂದರ ಪಕ್ಕ ಒಂದು ಹಾಸಿದೆವು. ಜನ ನಿಂತ ಹಾಗೆ ಅವು ಲಟಲಟ ಮುರಿದವು, ಮುರಿದದ್ದರ ಮೇಲೆ ಇನ್ನೊಂದು ಹಾಸಿದೆವು. ಅಗ್ನಿಶಾಮಕದವರು ತಮ್ಮ ನೀರಿನ ಪೈಪನ್ನೇ ಪಟ್ಟಿಯ ಹಾಗೆ ಅವಳ ಹೊಟ್ಟೆಯ ಕೆಳಗೆ ತೂರಿಸಿದರು. ಕದಿರೇಶ ಅವಳ ಮೂತಿಯನ್ನು ಕೆಸರಿನಿಂದ ಮೇಲೆತ್ತಿ ತನ್ನ ಹೆಗಲ ಮೇಲೆ ಇಟ್ಟುಕೊಂಡ. ಅಮ್ಮ ದಡದಲ್ಲಿ ನಿಂತು ತೆಲುಗಿನಲ್ಲಿ "ಲೆಯ್ ತಲ್ಲೀ, ಲೆಯ್" ಎಂದು ಮಗಳನ್ನು ಎಬ್ಬಿಸುವ ಹಾಗೆ ಕರೆಯುತ್ತಿದ್ದಳು. ಏರಿಯ ಮೇಲಿನ ಟ್ರ್ಯಾಕ್ಟರು ಮೆಲ್ಲಗೆ ಎಳೆದಂತೆ ಮುತ್ಯಾಲು ಬಂದಳು. ಬಿಳಿ ಕುದುರೆ ಎಂದು ಹೇಳಲು ಅವಳ ಕಣ್ಣಿನ ಸುತ್ತಲಿನ ಜಾಗವಷ್ಟೇ ಉಳಿದಿತ್ತು. ಊರಿಗೆ ಊರೇ ಅತ್ತಿತು. ಬದುಕಿದಳು ಎಂದುಕೊಂಡೆವು.

ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ಇದರಲ್ಲಿ ನಿಮ್ಮ ಪಾಲೂ ಇದೆ. ಗೋಣಿಚೀಲ ಹೊದಿಸಿ, ಮೈ ಉಜ್ಜಿ, ರಾಗಿಹುಲ್ಲಿನ ಮೇಲೆ ಮಲಗಿಸಿದೆವು. ಸಂಜೆಗೆ ಎದ್ದು ನಿಂತಳು, ಒಂದಿಷ್ಟು ಹುಲ್ಲನ್ನೂ ತಿಂದಳು. ಆದರೆ ಅಮ್ಮ ಅವಳ ಬಾಯಿಯನ್ನೇ ನೋಡುತ್ತ ಕುಳಿತಳು. ತಿಂದು ಇಷ್ಟು ಹೊತ್ತಾದರೂ ಮುತ್ಯಾಲು ಮೆಲುಕು ಹಾಕುತ್ತಿರಲಿಲ್ಲ. ಮೆಲುಕು ನಿಂತಿತೆಂದರೆ ಹೊಟ್ಟೆ ನಿಂತಿತು ಎಂದರ್ಥ. ಹಸು ಸಾಕುವ ನಮ್ಮ ಯಾವ ಮನೆಯಲ್ಲಿ ಬೇಕಾದರೂ ಕೇಳಿ. ಇಷ್ಟು ದಿನ ಅವಳು ಮೆಲುಕು ಹಾಕಿದ್ದನ್ನು ಯಾರಾದರೂ ಕಂಡಿದ್ದೆವೇ ಎಂದು ನಮಗೆ ಹೊಳೆಯಲೇ ಇಲ್ಲ. ಚೆನ್ನಾಗಿದ್ದಾಗ ಯಾರು ನೋಡುತ್ತಾರೆ?

ಆದರೂ ಇದು ಕುದುರೆ, ಕೇಳಿ ಮಾಡೋಣ ಎಂದು ನಾನು ಮತ್ತೆ ನಿಮ್ಮ ಕಚೇರಿಗೇ ಫೋನ್ ಮಾಡಿದೆ. ಪ್ರಾಣಿಗಳ ವಿಷಯ ನೋಡಿಕೊಳ್ಳುವವರಿಗೆ ಕೊಟ್ಟರು. ಮೆಲುಕು ಹಾಕುತ್ತಿಲ್ಲ ಎಂದೆ. ಅವರು ನಗಲೂ ಇಲ್ಲ, ತಿದ್ದಲೂ ಇಲ್ಲ.

"ಏನಮ್ಮಾ, ಹಸು ಸಾಕೋರಿಗೆ ಇದನ್ನೂ ಹೇಳ್ಕೊಡ್ಬೇಕಾ? ಹಸುಗೇನ್ ಮಾಡ್ತೀರೋ ಅದೇ ಮಾಡಿ."

ಮಾಡಿದೆವು. ಹೊಟ್ಟೆಗೆ ಕೊಡುವ ಪುಡಿಯನ್ನು ಬೆಲ್ಲದ ನೀರು, ಎಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿದೆವು. ಅಮ್ಮ ಮುತ್ಯಾಲುವಿನ ತಲೆ ಎತ್ತಿ ಹಿಡಿದಳು, ನಾನು ಗಂಟಲಿಗೆ ಸುರಿದೆ. ಹಸುವಿಗೆ ನೂರಾರು ಸಲ ಸುರಿದಿದ್ದೇನೆ. ಮುತ್ಯಾಲು ಒದೆಯಲಿಲ್ಲ, ಕೊಸರಾಡಲಿಲ್ಲ. ಕೆಸರಿನಿಂದ ಎತ್ತಿದವರಲ್ಲವೇ ನಾವು, ನಂಬಿದ್ದಳು. ಆಮೇಲೆ ಕೆಮ್ಮತೊಡಗಿದಳು. ಕುಡಿಸಿದ್ದು ಮೂಗಿನಿಂದ ಇಳಿಯಿತು. ಮರುದಿನಕ್ಕೆ ಜ್ವರ.

ಮಾಲೂರಿನಿಂದ ಖಾಸಗಿ ಪಶುವೈದ್ಯ ಅಮರನಾಥ್ ಬಂದು ಎದೆಗೆ ಕಿವಿಕೊಟ್ಟು ಕೇಳಿದರು. ಅಮ್ಮ ಅವರ ಹಿಂದೆಯೇ ನಿಂತು, ಮೆಲುಕು ಹಾಕಿದರೆ ಸಾಕಲ್ಲವೇ ಡಾಕ್ಟ್ರೇ ಎಂದು ಮೂರ್ನಾಲ್ಕು ಬಾರಿ ಕೇಳಿದಳು. ಅವರು ಅಮ್ಮನ ಕಡೆ ತಿರುಗಿದರು.

"ಅಮ್ಮಾ, ಕುದುರೆ ಯಾವತ್ತೂ ಮೆಲುಕು ಹಾಕಲ್ಲ," ಎಂದರು.

ಗೊಟ್ಟದಲ್ಲಿ ಸುರಿದದ್ದು ಶ್ವಾಸಕೋಶಕ್ಕೆ ಹೋಗಿದೆಯಂತೆ. ಅಮ್ಮ ಅಂದಿನಿಂದ ಹುಳುಮನೆಯ ಒಳಗೆ ಕಾಲಿಟ್ಟಿಲ್ಲ, ಹೊಸ್ತಿಲಿನಾಚೆ ಕುಳಿತಿರುತ್ತಾಳೆ. ನಾನು ಒಳಗೆ ಹೋಗುತ್ತೇನೆ. ಮುತ್ಯಾಲು ಈಗಲೂ ನನ್ನ ಕೈ ಮೂಸುತ್ತಾಳೆ. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟೂ ನನಗೆ ಕೊಡಲಾರದು. ಆದರೆ ಅಧಿಕಾರಿಗಳೇ, ನಾವು ಹಸುವಿನವರು, ನಮಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವರನ್ನು ಕೇಳಿಯೇ ಮಾಡಿದೆವು. ಗೊತ್ತಿಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬಂದಿದ್ದರೂ ನಾನು ಗೊಟ್ಟವನ್ನು ಕೆಳಗಿಡುತ್ತಿದ್ದೆ. ಅಷ್ಟು ಹೇಳಲು ನಿಮ್ಮ ಕಚೇರಿಯಲ್ಲಿ ಯಾರಿಗೆ ಅಧಿಕಾರವಿದೆ?

ಮಲಗಿದರೆ ಎದೆ ಇನ್ನಷ್ಟು ಕಟ್ಟುತ್ತದೆ, ನಿಂತೇ ಇರಬೇಕು ಎಂದು ವೈದ್ಯರು ಹೇಳಿದ ಮೇಲೆ ಶ್ಯಾಮಲಮ್ಮ ಹುಳುಮನೆ ಬಿಟ್ಟುಕೊಟ್ಟಳು. ಸಾಕಲು ತರಬೇಕಿದ್ದ ಎಳೆಯ ಚಾಕಿ ಹುಳುವನ್ನು ಬೇಡ ಎಂದು ಹೇಳಿ ಕಳಿಸಿ ಒಂದು ಬೆಳೆಯನ್ನೇ ಬಿಟ್ಟಳು. ಅಮರನಾಥ್ ದಿನಾ ಬಂದು ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯ ಟೆಂಪೋದಲ್ಲಿ ಸಾಗಿಸಿದರೆ ದಾರಿಯಲ್ಲೇ ಕುಸಿಯುತ್ತಾಳೆ, ಕುಸಿದರೆ ಏಳುವುದಿಲ್ಲ, ನಿಮ್ಮಲ್ಲಿರುವ ವಾಹನವೇ ಬೇಕು ಎಂದು ಅವರೂ ಫೋನ್ ಮಾಡಿದರು. ಅದು ಹಸು, ಎಮ್ಮೆ, ಕುರಿಗಳಿಗೆ ಮೀಸಲು ಎಂದಿರಂತೆ. ಗೊಟ್ಟ ಹಿಡಿಯುವಾಗ ಕುದುರೆ ಹಸುವಾಗಬಹುದು, ಗಾಡಿ ಹತ್ತುವಾಗ ಮಾತ್ರ ಕುದುರೆಯಾಗಿಬಿಡುತ್ತದೆಯೇ?

ಒಂದು ವಿಷಯದಲ್ಲಿ ಮಾತ್ರ ತಮ್ಮ ಚುರುಕುತನವನ್ನು ಮೆಚ್ಚಬೇಕು. ಇನ್ಯಾರೂ ಬೀಳದಿರಲಿ ಎಂದು ಅಮ್ಮ ತನ್ನ ಕೆಂಪು ಸೀರೆಯನ್ನು ಕೋಲುಗಳಿಗೆ ಸುತ್ತಿ ಹಳ್ಳದ ಸುತ್ತ ಕಟ್ಟಿದ್ದಳು. ಕೆರೆ ಅಂಗಳದಲ್ಲಿ ಅನುಮತಿ ಇಲ್ಲದೆ ಏನನ್ನೂ ಕಟ್ಟುವಂತಿಲ್ಲ ಎಂದು ನಿಮ್ಮವರು ಜೀಪಿನಲ್ಲಿ ಬಂದು ಬಿಚ್ಚಿಕೊಂಡು ಹೋದರು. 'ನಮ್ಮದಲ್ಲ' ಎಂದಿದ್ದ ಕೆರೆ ಸೀರೆ ಕಟ್ಟಿದ ಕೂಡಲೇ ನಿಮ್ಮದಾಯಿತು. ಆ ದಾರಿಯಲ್ಲೇ ಊರಿನ ಹಸುಗಳೂ ಅವುಗಳ ಹಿಂದೆ ಹೆಂಗಸರೂ ದಿನಾ ಓಡಾಡುತ್ತಾರೆ. ಹಳ್ಳಕ್ಕೆ ಬೇಲಿ ಹಾಕಿಸಿ. ಅಲ್ಲಿಯವರೆಗೆ ಅಮ್ಮನ ಸೀರೆಯನ್ನಾದರೂ ಇದ್ದಲ್ಲೇ ಮತ್ತೆ ಕಟ್ಟಿಸಿ.

ಅದಕ್ಕೂ ಮೊದಲು ವಾಹನ ಕಳಿಸಿ. ಇವತ್ತೇ ಕಳಿಸಿ. ಬೇಡುತ್ತಿದ್ದೇನೆ. ರಸ್ತೆಯಲ್ಲಿ ಯಾವ ಸದ್ದಾದರೂ ಕದಿರೇಶ ಅವಳಿಗೆ ಕೊಟ್ಟ ಭುಜ ತೆಗೆಯದೆ ಒಳಗಿನಿಂದಲೇ "ಅಕ್ಕಾ, ಗಾಡಿ ಬಂತಾ?" ಎಂದು ಕೇಳುತ್ತಾನೆ. ಈಗಲೂ ಕೇಳಿದ. ಬಂದದ್ದು ಹಾಲಿನ ಕ್ಯಾನಿನ ಗಾಡಿ. ಇನ್ನೇನು ಬಂದುಬಿಡುತ್ತೆ ಕಣೋ ಎಂದು ಹೇಳಿದೆ. ಕಳಿಸುವುದೇ ಇಲ್ಲ ಎಂದಾದರೆ ಅದನ್ನಾದರೂ ಬಾಯಿಬಿಟ್ಟು ಹೇಳಿ. ಪಟ್ಟಿ ಬಿಚ್ಚು, ಅವಳು ಮಲಗಲಿ ಎಂದು ನಾನೇ ತಮ್ಮನಿಗೆ ಹೇಳುತ್ತೇನೆ. ನೀವು ಬರುತ್ತೀರಿ ಎಂದು ನಂಬಿ ಅವಳನ್ನು ನಿಲ್ಲಿಸಿಕೊಂಡಿದ್ದೇವೆ.

ಇಂತಿ,
ನಿಮ್ಮ ಕಚೇರಿಯ ಮಾತು ಕೇಳಿ ಗೊಟ್ಟ ಹಿಡಿದ,
ಗಂಗಾಲಕ್ಷ್ಮಿ