ಊಟದ ನಂತರದ ಶೋ

ಜೂನ್ 4, ಮಂಗಳವಾರ

ನಮ್ಮ ಹಾಲ್‌ಗೆ ಈ ವರ್ಷದ ಮಕ್ಕಳ ನಾಟಕ ಆರಿಸಲು ಬೆಳಗಿನಿಂದ ವಿಡಿಯೋ. ಒಂದು ನಾಟಕದಲ್ಲಿ ಮರ ಮಾತಾಡುತ್ತದೆ, ಇನ್ನೊಂದರಲ್ಲಿ ಬಕೆಟ್. ಮಕ್ಕಳ ನಾಟಕ ಅಂದಮೇಲೆ ಏನಾದರೂ ಮಾತಾಡಲೇಬೇಕು ಅಂತ ಇವರಿಗೆ ಯಾರು ಹೇಳಿಕೊಟ್ಟರೋ. ಮೂರನೆಯದು ಹದಿಹರೆಯದವರಿಗಂತೆ. ಒಂದೂವರೆ ಗಂಟೆ ಉಪದೇಶ. ಪಕ್ಕಕ್ಕಿಟ್ಟೆ.

ಮ್ಯಾನೇಜರ್ ಬಾಗಿಲಲ್ಲಿ ತಲೆ ತೂರಿಸಿದರು. "ಮೇಡಂ, ಈ ವರ್ಷ ಏನೇನು ಶೋ ಅಂತ ಯಾವಾಗ ಹೇಳ್ತೀರಿ? ಸ್ಕೂಲಿನವರು ಪ್ರಾಣ ತಿಂತಿದ್ದಾರೆ."

"ಆರಿಸೋದು ಬೇಡವಾ? ಸಂತೆಯಲ್ಲಿ ಬದನೆಕಾಯಿ ತುಂಬ್ಕೊಂಡ ಹಾಗಾ?"

ನಗುತ್ತಾ ಹೋದರು. ಮುಂದಿನ ವಿಡಿಯೋ ಹಾಕಿದೆ... ಗಡ್ಡ.

ಚಿಕ್ಕವರಿದ್ದಾಗ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಆ ಗಡ್ಡ ಈಗ ಪೂರ್ತಿ ಬೆಳ್ಳಗಾಗಿದೆ. ಧ್ವನಿ ಮಾತ್ರ ಅದೇ. "ಪುಟಾಣಿಗಳೇ, ಕಾಗೆ ಹೇಗೆ ಕೂಗುತ್ತೆ?" ಆಫ್ ಮಾಡಿದೆ.

ಜೂನ್ 5

ಒಮ್ಮೆ ಬರೆದುಬಿಡುತ್ತೇನೆ. ಯಾರೂ ಓದುವುದಿಲ್ಲವಲ್ಲ.

ಹನ್ನೆರಡು ವರ್ಷ ನನಗೆ. ಗಡ್ಡ ನಡೆಸುತ್ತಿದ್ದ ರಜೆಯ ನಾಟಕ ಶಿಬಿರ. ರಾಜಕುಮಾರಿಯ ಗೆಳತಿಯ ಪಾತ್ರ. ಮೊದಲ ಶೋನಲ್ಲಿ ಮಾತು ಮರೆತೆ. ಲೈಟು ಮುಖದ ಮೇಲೆ. ಗಡ್ಡ ಸ್ಟೇಜಿನ ಪಕ್ಕ, ಪರದೆಯ ಮರೆಯ ವಿಂಗ್‌ನಲ್ಲಿ ನಿಂತು ಮೈಕಿನಲ್ಲೇ ಹೇಳಿದ: "ಈ ಕತ್ತೆಗೆ ಪಾತ್ರ ಕೊಟ್ಟೋನು ಇನ್ನೆಂಥಾ ಕತ್ತೆ ಇರಬೇಕು ನೋಡಿ!" ಹಾಲ್ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಅಪ್ಪ ಕಣ್ಣೊರೆಸಿಕೊಂಡು ನಕ್ಕರು.

ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆನೇನೋ. ಮರುದಿನ ಮೇಕಪ್ ಹಚ್ಚುವಾಗ ಬಂದು, "ಅದೇ ಜಾಗದಲ್ಲಿ ಸುಮ್ನೆ ನಿಂತ್ಕೋ. ಬಾಯಿ ಬಿಡಬೇಡ. ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ. ಆಮೇಲೆ ಎಲ್ಲ ಶೋನಲ್ಲೂ ಅದೇ. ಮಾತು ಬಾಯಿಪಾಠವಾಗಿತ್ತು. ನಾಲಿಗೆ ತುದಿಯಲ್ಲಿ ಇಟ್ಟುಕೊಂಡು, ಕತ್ತೆ ಅನ್ನಿಸಿಕೊಳ್ಳಲು ಕಾದು ನಿಲ್ಲುತ್ತಿದ್ದೆ.

ಮತ್ತೆ ಸ್ಟೇಜ್ ಹತ್ತಲಿಲ್ಲ.

ಜೂನ್ 9, ಭಾನುವಾರ

ಮಗಳನ್ನು ಪಕ್ಕ ಕೂರಿಸಿಕೊಂಡು ಗಡ್ಡನ ವಿಡಿಯೋ ಪೂರ್ತಿ ನೋಡಿದೆ. ಒಂಬತ್ತನೇ ಕ್ಲಾಸು. ಅವಳ ಮುಖ ನೋಡುವುದಿಲ್ಲ, ಕಾಲು ನೋಡುತ್ತೇನೆ. ನಾಟಕ ಹಿಡಿಸಿದರೆ ಕಾಲು ಸುಮ್ಮನಿರುತ್ತದೆ.

ಇವತ್ತು ಕಾಲು ಒಂದೇ ಸಮ ಕುಣಿಯಿತು.

"ಚಿಕ್ಕವರಿಗೆ ಚೆನ್ನಾಗಿದೆ ಅಮ್ಮಾ. ಗುಬ್ಬಿ ಪಾತ್ರ ಮಾಡಿರೋ ಆ ಅಕ್ಕ ಸೂಪರ್. ಆದ್ರೆ ನಮ್ ಕ್ಲಾಸಿನವರ ಮುಂದೆ ಇದನ್ನ ಹಾಕಿದ್ರೆ ಅಷ್ಟೇ ಕಥೆ. ಹುರಿದು ಮುಕ್ತಾರೆ."

"ನಿಜವಾಗ್ಲೂ?"

"ಪುಟಾಣಿಗಳೇ ಅಂದ್ರೆ ಸಾಕು. ಅಲ್ಲಿಗೇ ಮುಗೀತು."

ರಾತ್ರಿ ನಿದ್ದೆ ಚೆನ್ನಾಗಿ ಬಂತು. ಬಹಳ ದಿನವಾಗಿತ್ತು.

ಜೂನ್ 10

ಬೇಡ ಅಂದುಬಿಟ್ಟರೆ ಗಡ್ಡ ಇನ್ನೊಂದು ಹಾಲ್ ಹುಡುಕಿಕೊಳ್ಳುತ್ತಾನೆ. ಅದು ಸೇಡಲ್ಲ.

ಆರಿಸಿದೆ. ಮೂರು ದಿನ, ಮಧ್ಯಾಹ್ನ ಊಟದ ನಂತರ, ಹೈಸ್ಕೂಲಿನವರಿಗೆ. ಹೊಟ್ಟೆ ತುಂಬಿದ, ಟೀಚರಿಗೂ ಹೆದರದ ಹದಿನಾಲ್ಕು-ಹದಿನೈದರ ಮಕ್ಕಳು. ನಗೆಪಾಟಲಾಗುವುದು ಏನು ಅಂತ ಒಮ್ಮೆ ಅವನಿಗೂ ಗೊತ್ತಾಗಲಿ.

ಮ್ಯಾನೇಜರ್ ಹುಬ್ಬೇರಿಸಿದರು. "ಗುಬ್ಬಿ ನಾಟಕ ಹೈಸ್ಕೂಲಿಗಾ?"

"ನನ್ನ ಮೇಲೆ ಬಿಡಿ."

ಬಿಟ್ಟರು. ಇಷ್ಟು ವರ್ಷ ಒಂದು ಶೋ ಕೂಡ ತಪ್ಪು ವಯಸ್ಸಿಗೆ ಹಾಕಿದವಳಲ್ಲ ನಾನು. ಆ ನಂಬಿಕೆಯನ್ನೇ ಖರ್ಚು ಮಾಡಿದೆ.

ಜೂನ್ 20

ಗಡ್ಡ ಒಪ್ಪಂದಕ್ಕೆ ಸಹಿ ಹಾಕಲು ಬಂದಿದ್ದ. ಕಾಗದದಲ್ಲಿ ಮಧ್ಯಾಹ್ನ, ಹೈಸ್ಕೂಲು ಅಂತ ಓದಿ ಪೆನ್ನು ಕೆಳಗಿಟ್ಟ. "ನಮ್ಮದು ಪುಟ್ಟ ಮಕ್ಕಳದ್ದಲ್ಲವಾ ತಾಯಿ?"

"ದೊಡ್ಡವರೂ ನಿಮ್ಮನ್ನ ನೋಡಲಿ ಸರ್. ನಿಮ್ಮಂಥವರು ಅವರಿಗೆಲ್ಲಿ ಸಿಗ್ತಾರೆ?"

ಹೊಗಳಿಕೆ ಸೀದಾ ಒಳಗಿಳಿಯಿತು. ಮುಖ ಅರಳಿತು. "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ. ನಮ್ಮ ಶಿಬಿರಕ್ಕೆ ಬಂದಿದ್ರಾ?"

"ಇಲ್ಲ."

ಕಾಫಿ ತರಿಸಿದೆ. ಸಕ್ಕರೆ ಅವನೇ ಕೇಳಿ ಹಾಕಿಸಿಕೊಂಡ.

ಆಗಸ್ಟ್ 7, ಬುಧವಾರ, ಬೆಳಿಗ್ಗೆ

ಇವತ್ತೇ. ಮಗಳ ಸ್ಕೂಲಿನವರೂ ಬುಕ್ ಮಾಡಿದ್ದಾರೆ. ಹೇರ್‌ಬ್ಯಾಂಡ್ ಹುಡುಕುತ್ತಾ, "ಯಾವ ನಾಟಕ ಅಮ್ಮಾ?" ಅಂದಳು. ಸರ್ಪ್ರೈಸ್ ಅಂದೆ.

ಸಂಜೆ

ಏನು ಬರೆಯಲಿ.

"ಪುಟಾಣಿಗಳೇ" ಅಂದ. ಹಿಂದಿನ ಸಾಲಿನಿಂದ ಯಾರೋ ಮಗುವಿನ ಹಾಗೆ "ಏನ್ ತಾತಾ?" ಅಂದರು. ಹಾಲ್ ತುಂಬ ನಗು ಹೊತ್ತಿಕೊಂಡಿತು. ಕಾಗೆ ಹೇಗೆ ಕೂಗುತ್ತೆ ಅಂದರೆ ಬೆಕ್ಕು, ನಾಯಿ, ಪೊಲೀಸ್ ಜೀಪು — ಎಲ್ಲ ಕೂಗಿದವು, ಕಾಗೆ ಒಂದು ಬಿಟ್ಟು. ಗಡ್ಡ ಬೆವರಿದ. ಲೈಟಿನ ರೂಮಿನಲ್ಲಿ ನಿಂತು ನೋಡುತ್ತಿದ್ದೆ. ಸುಖ ಅಂದರೆ ಸುಖ. ಸುಳ್ಳು ಯಾಕೆ ಬರೆಯಲಿ.

ಆಮೇಲೆ ಗುಬ್ಬಿ ಬಂದಳು. ಈಗಷ್ಟೇ ಕಾಲೇಜು ಮುಗಿಸಿದ ಹುಡುಗಿ. ಆ ಗದ್ದಲಕ್ಕೆ ಗಾಬರಿಯಾಗಿ ಮಾತು ನಿಂತುಹೋಯಿತು. ಆಗ ಸ್ಪೀಕರಿನಲ್ಲಿ ಗಡ್ಡನ ಧ್ವನಿ:

"ಈ ಕತ್ತೆಗೆ ರೆಕ್ಕೆ ಕಟ್ಟಿ ಗುಬ್ಬಿ ಮಾಡಿದೋನು ಇನ್ನೆಂಥಾ ಕತ್ತೆ ಇರಬೇಕು ನೋಡಿ!"

ನಕ್ಕರು. ಮಕ್ಕಳು ನೆಲ ಒದ್ದು ನಕ್ಕರು. ಅಲ್ಲಿಂದ ಕೊನೆಯವರೆಗೂ ಗಡ್ಡ ಹೇಳಿದ ಹಾಗೆ ಕೇಳಿದರು. ಕೊನೆಗೆ ಎದ್ದು ನಿಂತು ಚಪ್ಪಾಳೆ.

ಮ್ಯಾನೇಜರ್ ಕೈಕುಲುಕಿದರು. "ನಿಮ್ಮ ಕಣ್ಣಿಗೆ ದೊಡ್ಡ ನಮಸ್ಕಾರ ಮೇಡಂ. ದೊಡ್ಡ ಮಕ್ಕಳನ್ನೂ ಹಿಡಿದುಬಿಟ್ರಲ್ಲ ಮುದುಕಪ್ಪ!"

ಅವನನ್ನು ಬೀಳಿಸಲು ಹೋದೆ. ಮೆಟ್ಟಿಲಾಗಿ ಆ ಗುಬ್ಬಿ ಹುಡುಗಿಯನ್ನು ಇಟ್ಟುಕೊಟ್ಟೆ.

ಮಗಳು ಸ್ಕೂಲ್ ಬಸ್ ಇಳಿದು ಸೀದಾ ರೂಮಿಗೆ. ಬಾಗಿಲ ಹಿಂದಿನಿಂದ, "ನಮ್ಮವರು ಹುರಿದು ಮುಕ್ತಾರೆ ಅಂತ ನಾನು ಮೊದಲೇ ಹೇಳಿರಲಿಲ್ವಾ ನಿಂಗೆ? ಪಾಪ ಆ ಅಕ್ಕ!" ಊಟಕ್ಕೆ ಬರಲಿಲ್ಲ.

ಆಗಸ್ಟ್ 8

ಎರಡನೇ ಶೋ. ಈ ಸಲ ವಿಂಗ್‌ನಲ್ಲೇ ನಿಂತೆ, ಗಡ್ಡನ ಎದುರು ಬದಿ. ಅದೇ ಜಾಗ ಬಂತು. ಹುಡುಗಿ ಹೆದರಿರಲಿಲ್ಲ. ತುಟಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಳು. ಕಾಯುತ್ತಿದ್ದಳು. ನನಗೆ ಗೊತ್ತು ಆ ನಿಲುವು.

ಕತ್ತೆ. ನಗು. ಚಪ್ಪಾಳೆ.

ಸೀದಾ ಮ್ಯಾನೇಜರ್ ರೂಮಿಗೆ ಹೋದೆ. "ನಾಳೆಯ ಶೋ ಇಲ್ಲ. ಇನ್ನು ಮುಂದೆಯೂ ಇವರದ್ದು ಇಲ್ಲ."

"ತಲೆ ಕೆಟ್ಟಿದ್ಯಾ? ಮೂರು ಸ್ಕೂಲಿನವರಿಗೆ ಏನ್ ಹೇಳಲಿ? ಕಾರಣ ಆದ್ರೂ ಹೇಳಿ!"

ಹೇಳಿದೆ. ಶಿಬಿರ, ಕತ್ತೆ, ಬಾಯಿಪಾಠ — ಎಲ್ಲ. ಗಂಡನಿಗೂ ಹೇಳದೇ ಇದ್ದದ್ದು. ಮಧ್ಯಾಹ್ನ ಯಾಕೆ ಹಾಕಿದೆ ಎಂಬುದೊಂದನ್ನು ಬಿಟ್ಟು.

ಮ್ಯಾನೇಜರ್ ಬುಕಿಂಗ್ ಪುಸ್ತಕ ತೆರೆದು ನಾಳೆಯ ಶೋ ಮೇಲೆ ಗೀಟು ಎಳೆದರು. "ಸರಿ. ಫೋನ್ ನಾನೇ ಮಾಡ್ತೀನಿ."

ಆಗಸ್ಟ್ 9

ಗಡ್ಡ ಆಫೀಸಿಗೆ ನುಗ್ಗಿದ. ಮ್ಯಾನೇಜರ್ ಎಲ್ಲ ಹೇಳಿದ್ದರು ಅಂತ ಕಾಣುತ್ತದೆ. ಜಗಳಕ್ಕೆ ಸಿದ್ಧವಾಗಿದ್ದೆ. ಆದರೆ ಅವನ ಮುಖದಲ್ಲಿ ಸಂತೋಷ!

"ಅಯ್ಯೋ, ನೀನಾ! ನಮ್ಮ ಕತ್ತೆ! ಎಷ್ಟು ನಗ್ತಿದ್ರು ಜನ, ನೆನಪಿದ್ಯಾ? ನಿನ್ನಿಂದಲೇ ಆ ನಾಟಕ ಎದ್ದಿದ್ದು ಕಣಮ್ಮಾ."

"ನಂಗೆ ಮಾತು ಬರ್ತಿತ್ತು."

"ಏನು?"

"ಆ ಮಾತು. ಬಾಯಿಪಾಠ ಬರ್ತಿತ್ತು. ಈಗಲೂ ಬರುತ್ತೆ."

ಹೇಳಿದೆ. ರಾಜಕುಮಾರಿಯ ಗೆಳತಿಯ ಮಾತು, ಮೊದಲಿಂದ ಕೊನೆತನಕ, ಅವನ ಮುಖ ನೋಡುತ್ತಲೇ. ಒಂದಕ್ಷರ ತಪ್ಪಲಿಲ್ಲ. ನಗು ಆರಿತು. ಕೈಯಲ್ಲಿ ಗಡ್ಡ ತಡವಿಕೊಂಡ. "ಇಷ್ಟು ಸಣ್ಣ ವಿಷಯಕ್ಕೆ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡಿತೀಯಾ?"

"ಹೌದು."

ಹೋದ. ಹೌದು ಅಂದದ್ದು ಹಿತವಾಗಿತ್ತು. ಈಗಲೂ ಹಿತವಾಗಿದೆ.

ಮಗಳು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಆಗಸ್ಟ್ 12, ಸೋಮವಾರ

ಗುಬ್ಬಿ ಬಂದಿದ್ದಳು. ಒಬ್ಬಳೇ. ಥ್ಯಾಂಕ್ಸ್ ಹೇಳಲು ಬಂದಳೇನೋ ಅಂದುಕೊಂಡೆ. ಎಷ್ಟು ಪೆದ್ದಿ ನಾನು. ಕುರ್ಚಿ ಎಳೆದುಕೊಟ್ಟೆ. ಕೂರಲಿಲ್ಲ.

"ಟೀಮಿಂದ ತೆಗೆದ್ರು ನನ್ನ. ನನ್ನಿಂದ ಶೋ ಹೋಯ್ತಂತೆ."

"ನಿನ್ನ ತಪ್ಪಲ್ಲ ಅದು. ನಾನು ಇಲ್ಲೇ ಏನಾದರೂ ನೋಡ್ತೀನಿ, ಬೇರೆ ಟೀಮಿನವರಿಗೆ—"

"ಅದಿರಲಿ ಅಕ್ಕಾ. ಒಂದು ಕೇಳ್ಬೇಕಿತ್ತು." ಬ್ಯಾಗಿನ ಪಟ್ಟಿ ಬೆರಳಿಗೆ ಸುತ್ತಿಕೊಂಡಳು. "ಚಿಕ್ಕ ಮಕ್ಕಳ ಮುಂದೆ ನಾನು ಒಂದು ಸಲವೂ ಮರೆತಿಲ್ಲ. ಸರ್ ಹೇಳ್ತಾರೆ, ಯಾರೋ ಬೇಕಂತಲೇ ನಮ್ಮನ್ನ ದೊಡ್ಡವರ ಮುಂದೆ ತಳ್ಳಿದ್ರು ಅಂತ. ಅವರ ಮಾತು ನಾನು ನಂಬಲ್ಲ. ನೀವು ಹೇಳಿ, ನಂಬ್ತೀನಿ. ಬೇಕಂತಲೇನಾ?"

ಮೊದಲು ಇಲ್ಲ ಅನ್ನಲು ಬಾಯಿ ತೆರೆದೆ. ಅವಳು ಕಣ್ಣು ತೆಗೆಯಲಿಲ್ಲ. ಎದ್ದು ಬಾಗಿಲು ಹಾಕಿ ಬಂದೆ. ಹೇಳಿದೆ, "ನೋಡಮ್ಮಾ, ನಾನು ಬೇಕಂತಲೇ ಹಾಕಿದ್ದು. ಅವನ ಮೇಲಿನ ಸೇಡಿಗೆ. ಏಟು ನಿನಗೆ ಬಿತ್ತು."