ನಾಲಿಗೆಯ ಕೆಳಗಿನ ಮಾತ್ರೆ

ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ

ಕಡ್ಡಿ,

ಪ್ರೀತಿಯ, ಮುದ್ದಿನ ಅಂತೆಲ್ಲ ಬರೆಯಲು ಹೊತ್ತಿಲ್ಲ. ಇದೆ ಅಂತ ಅಂದುಕೋ.

ಈ ಕಾಗದ ತರುವವನು ಎದುರುಮನೆಯ ಬಸ್ ಡ್ರೈವರು. ಹನ್ನೆರಡಕ್ಕೆ ಇಲ್ಲಿ ಹೊರಟರೆ ಐದಕ್ಕೆ ನಿನ್ನೂರು ಮುಟ್ಟುತ್ತಾನೆ. ನಿನ್ನ ಕ್ವಾರ್ಟರ್ಸಿನ ಬಾಗಿಲಿಗೇ ಹೋಗಿ ನಿನ್ನ ಕೈಗೇ ಕೊಡಬೇಕು, ಪಕ್ಕದ ಮನೆಯವರ ಹತ್ತಿರ ಕೊಟ್ಟು ಬಂದರೆ ಕಾಲು ಮುರಿಯುತ್ತೇನೆ ಅಂತ ಹೇಳಿದ್ದೇನೆ. ಜೈಲಿನಲ್ಲಿ ನರ್ಸಾಗಿ ನೀನು ಸಂಜೆಯ ಮಾತ್ರೆ ಹಂಚುವುದು ಆರೂವರೆಗೆ ಅಂತ ನೀನೇ ಬರೆದಿದ್ದೀ. ಅದಕ್ಕೆ ಮೊದಲು ಇದನ್ನು ಕೊನೆವರೆಗೂ ಓದು. ಕೋಪವನ್ನು ಆಮೇಲೆ ಬೇಕಾದಷ್ಟು ಮಾಡಿಕೋ.

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಮೇಲೆ ಅಮ್ಮನ ಹೆಸರು ಮಾತ್ರ. ದೊಡ್ಡಮ್ಮ ಅನ್ನುವ ಪ್ರಾಣಿ ಈ ಮನೆಯಲ್ಲಿ ಬದುಕಿದೆಯೋ ಸತ್ತಿದೆಯೋ ಅಂತ ಒಂದು ಸಾಲಿಲ್ಲ. ಇರಲಿ. ಆ ಜೈಲಿನ ಬಾಗಿಲು ದಾಟಿದರೆ ನನ್ನ ಬಾಗಿಲು ದಾಟಬೇಡ ಅಂತ ನಾನೇ ಅಂದಿದ್ದು. ನೀನು ನನ್ನ ಕೈಯಲ್ಲೇ ಬೆಳೆದವಳು, ಬ್ಯಾಗು ಎತ್ತಿಕೊಂಡು ಹೋದೆ. ಹತ್ತೊಂಬತ್ತು ದಿನವಾಯಿತು. ಚಿಕ್ಕವಳಿದ್ದಾಗ ಕಡ್ಡಿಯ ಹಾಗಿದ್ದೆ ಅಂತ ಇಟ್ಟ ಹೆಸರು, ಅದು ಬೆಂಕಿಕಡ್ಡಿ ಅಂತ ಈಗ ಗೊತ್ತಾಗುತ್ತಿದೆ.

ನಿನ್ನ ಅಮ್ಮ ಗಟ್ಟಿಯಾಗಿ ಓದಿದಳು. ಅವಳ ಕಣ್ಣು ಗೊತ್ತಲ್ಲ, ವಾಷರ್ ಸವೆದ ನಲ್ಲಿ. ಹೊಸ ಜಾಗದಲ್ಲಿ ಹಸಿವೇ ಆಗುತ್ತಿಲ್ಲ ಅಂತ ಬರೆದದ್ದಕ್ಕೆ ಅತ್ತಳು, ಮೂರು ಕಬ್ಬಿಣದ ಬಾಗಿಲು ದಾಟಿ ಒಳಗೆ ಹೋಗಬೇಕು ಅಂತ ಬರೆದದ್ದಕ್ಕೆ ಅತ್ತಳು, ಕೊನೆಗೆ ಅಲ್ಲಿನ ಕೈದಿ ಅಜ್ಜಿಯೊಬ್ಬಳು ನಿನ್ನನ್ನು ಮಗಳೇ ಅನ್ನುತ್ತಾಳೆ ಅಂತ ಬರೆದದ್ದಕ್ಕೆ ನಕ್ಕಳು. ನಾನು ಇಸ್ತ್ರಿ ಮಾಡುತ್ತಿದ್ದೆ. ಆ ಅಜ್ಜಿಯ ವಿಷಯ ಬಂದಾಗ ಕೈ ನಿಂತಿತು. ಒಂದು ಅಂಗಿ ಸುಟ್ಟೆ. ಮೂವತ್ತು ವರ್ಷದಲ್ಲಿ ನಾನು ಸುಟ್ಟ ಮೊದಲ ಅಂಗಿ.

ಕಾಗದ ಕಿತ್ತುಕೊಂಡು ನಾನೇ ಮೂರು ಸಲ ಓದಿದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಒಂದೊಂದೇ ಅಕ್ಷರ ಕೂಡಿಸಿ ಓದುವವಳು. ಹಾಗಾಗಿ ಒಂದು ಮಾತೂ ತಪ್ಪಿಹೋಗಲಿಲ್ಲ. ಆಗಿನಿಂದ ನಿನಗೆ ಒಂಬತ್ತು ಸಲ ಫೋನು ಮಾಡಿದೆ. ನೀನು ಎತ್ತಲಿಲ್ಲ. ಅಮ್ಮನ ಫೋನಿನಿಂದ ಮಾಡಿದರೂ ನಾನೇ ಇರಬೇಕು ಅಂತ ಎತ್ತಲಿಲ್ಲ. ಬೆಳಗ್ಗೆ ಜೈಲಿನ ಆಫೀಸಿಗೇ ಮಾಡಿದೆ. ಎತ್ತಿದವನು, "ಕೈದಿ ಹೆಸರೇನು? ನಂಬರೇನು? ನೀವು ಯಾರು?" ಅಂದ. ಹೆಸರು ನಂಬರು ನನಗೇನು ಗೊತ್ತು, ನೀನು ಅಜ್ಜಿ ಅಂತ ಮಾತ್ರ ಬರೆದಿದ್ದೀ. ನೀವು ಯಾರು ಅಂದಾಗ, ಯಾರೋ ಒಬ್ಬಳು ಅಂದೆ. ಅವನು ಫೋನು ಇಟ್ಟ. ಅದಕ್ಕೇ ಈ ಕಾಗದ.

ಈಗ ಕಡ್ಡಿ ಮುರಿದ ಹಾಗೆ ಹೇಳುತ್ತೇನೆ ಕೇಳು. ಆ ಹೆಂಗಸು ನೀನು ಕೊಟ್ಟ ಮಾತ್ರೆ ನುಂಗುತ್ತಿಲ್ಲ. ಕೂಡಿಡುತ್ತಿದ್ದಾಳೆ. ಸಾಯಲು ಕೂಡಿಡುತ್ತಿದ್ದಾಳೆ.

ನಿನ್ನ ಮಾತನ್ನೇ ನಿನಗೆ ತಿರುಗಿಸಿ ಹೇಳುತ್ತೇನೆ. ಕೆಲಸಕ್ಕೆ ಸೇರಿದ ದಿನ ಕಾಂಪೌಂಡರು ನಿನಗೆ ಹೇಳಿಕೊಟ್ಟನಂತೆ: ಮಾತ್ರೆ ನಿನ್ನ ಎದುರಿಗೇ ಬಾಯಿಗೆ ಹಾಕಿಸಬೇಕು, ನೀರು ಕುಡಿಸಬೇಕು, ಬಾಯಿ ತೆರೆಸಬೇಕು, ನಾಲಿಗೆ ಎತ್ತಿಸಿ ಟಾರ್ಚು ಬಿಟ್ಟು ನೋಡಬೇಕು. ಎರಡು ದಿನ ಹಾಗೇ ಮಾಡಿದೆ. ಮೂರನೇ ದಿನ, ನಮ್ಮ ದೊಡ್ಡಮ್ಮನ ವಯಸ್ಸಿನವರ ಬಾಯಿಯನ್ನು ಸಂತೆಯಲ್ಲಿ ದನದ ಹಲ್ಲು ನೋಡಿದ ಹಾಗೆ ನೋಡಲು ನಾಚಿಕೆಯಾಯಿತು ಅಂತ ಅವಳೊಬ್ಬಳನ್ನು ಬಿಟ್ಟೆ. ನನ್ನ ವಯಸ್ಸಿನವಳು ಅಂತ ಬಿಟ್ಟೆಯಂತೆ. ಆ ಪುಣ್ಯ ನನ್ನ ತಲೆಗೆ ಕಟ್ಟಬೇಡ.

ಸಾಲಿನಲ್ಲಿ ನಿಂತಿರುವಾಗ ಅಜ್ಜಿ ಬಾಯಿ ತುಂಬ ಮಾತಾಡುತ್ತಾಳೆ, ಮಾತ್ರೆ ತೆಗೆದುಕೊಂಡ ಮೇಲೆ ಒಂದು ಮಾತೂ ಇಲ್ಲ, ನನ್ನ ಮುಖ ನೋಡಿ ನಕ್ಕು ತಲೆಯಾಡಿಸಿ ಹೋಗುತ್ತಾಳೆ, ಎಷ್ಟು ಗೌರವ ಅಂತ ಬರೆದಿದ್ದೀ. ಅದು ಗೌರವವಲ್ಲ ಮಂಕೇ. ಬಾಯಲ್ಲಿ ಮಾತ್ರೆ ಇಟ್ಟುಕೊಂಡವಳು ಹೇಗೆ ಮಾತಾಡುತ್ತಾಳೆ?

ಹೊಸ ಸೋಪು, ಬಾಚಣಿಗೆ, ಸ್ವಂತ ಮಗಳು ಭೇಟಿಗೆ ಬಂದಾಗ ತಂದುಕೊಟ್ಟ ಉಣ್ಣೆಯ ಶಾಲು ಎಲ್ಲವನ್ನೂ ಜೊತೆಯವರಿಗೆ ಹಂಚಿಬಿಟ್ಟಳು, ಎಂಥ ಮನಸ್ಸು ಅಂತ ಬರೆದಿದ್ದೀ. ಚಳಿಗಾಲ ಎದುರಿಗಿರುವಾಗ ಶಾಲು ಯಾರು ಕೊಡುತ್ತಾರೆ? ಚಳಿಗಾಲ ನೋಡದವರು ಕೊಡುತ್ತಾರೆ.

ಮೂರನೆಯದನ್ನು ಓದಿದ ಮೇಲೆಯೇ ನಾನು ಫೋನು ಹಿಡಿದದ್ದು. ಗುರುವಾರ ನಿನ್ನ ವಾರದ ರಜೆ ಹೌದೋ ಅಲ್ಲವೋ ಅಂತ ಅವಳು ಎರಡು ಸಲ ಕೇಳಿದಳಂತೆ. ನಾನಿಲ್ಲದ ದಿನ ಅವರಿಗೆ ಬೇಜಾರಾಗುತ್ತೇನೋ ಅಂತ ನೀನು ಬರೆದಿದ್ದೀ. ಕಡ್ಡಿ, ಅವಳಿಗೆ ನಿನ್ನ ಮೇಲೆ ಪ್ರೀತಿ ಇರುವುದು ನಿಜ. ನೀನು ಕೆಲಸದಲ್ಲಿರುವ ದಿನ ಬೇಡ, ಆ ಹುಡುಗಿಯ ಕುತ್ತಿಗೆಗೆ ಬರುವುದು ಬೇಡ ಅಂತಲೇ ನಿನ್ನ ರಜೆಯ ದಿನ ಹುಡುಕಿದ್ದಾಳೆ. ಇವತ್ತು ಮಂಗಳವಾರ.

ಈಗ ಏನು ಮಾಡಬೇಕು ಅಂತ ಹೇಳುತ್ತೇನೆ. ಓದಿದ ತಕ್ಷಣ ಡಾಕ್ಟರ ಹತ್ತಿರ ಹೋಗು. ಅವರಿಲ್ಲದಿದ್ದರೆ ಹೆಂಗಸರ ಕಡೆಯ ಮೇಲಿನ ವಾರ್ಡನ್ ಹತ್ತಿರ. ನಾನು ಮೂರನೇ ದಿನದಿಂದ ಅವಳ ಬಾಯಿ ನೋಡಿಲ್ಲ ಅಂತ ಮೊದಲ ಮಾತಿನಲ್ಲೇ ಹೇಳಿಬಿಡು. ಸುತ್ತಿ ಬಳಸಿ ಹೇಳಬೇಡ, ಅಳಬೇಡ. ಬೈಯುತ್ತಾರೆ. ಬೈಸಿಕೋ. ಕೆಲಸ ಇನ್ನೂ ಕಾಯಂ ಆಗಿಲ್ಲ, ಹೋದರೂ ಹೋಗಬಹುದು. ಹೋದರೆ ಮನೆಗೆ ಬಾ, ನನ್ನ ಬಾಗಿಲು ಅಲ್ಲೇ ಇದೆ. ಬಾಯಿ ಮುಚ್ಚಿಕೊಂಡು ಕೆಲಸ ಉಳಿಸಿಕೊಂಡರೆ ಮಾತ್ರ ಶುಕ್ರವಾರ ನೀನು ಏನಾಗಿರುತ್ತೀಯೋ ನನಗೆ ಗೊತ್ತಿಲ್ಲ.

ಹಾಸಿಗೆ ಕೊಡವಿ, ದಿಂಬು ಹರಿದು ಏನೂ ಸಿಗಲಿಲ್ಲ ಅಂತ ಬರುತ್ತಾರೆ. ಅಲ್ಲಿ ಇರುವುದಿಲ್ಲ. ಅವಳು ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುವವಳು ಅಂದೆಯಲ್ಲ, ಅಂಗಿಯ ತೋಳಿನ ಮಡಿಕೆ ನೋಡಲು ಹೇಳು. ಹೊಲಿಗೆ ಒಂದು ಕಡೆ ಹೊಸದಾಗಿರುತ್ತದೆ. ಹತ್ತು ಜನರ ಮುಂದೆ ಅಂಗಿ ಬಿಚ್ಚಿಸುವುದು ಬೇಡ, ನೀನು ಜೊತೆಗಿರು. ಸಿಕ್ಕಿದ ಮೇಲೆ ಅವಳ ಪಕ್ಕದಲ್ಲಿ ಕೂತುಕೋ. ಬುದ್ಧಿ ಹೇಳಬೇಡ. ಬುದ್ಧಿ ಹೇಳುವವರನ್ನು ಕಂಡರೆ ಅಂಥ ಹೊತ್ತಿನಲ್ಲಿ ಕಚ್ಚಬೇಕು ಅನ್ನಿಸುತ್ತದೆ.

ಇದೆಲ್ಲ ನಿನಗೆ ಹೇಗೆ ಗೊತ್ತು, ನರ್ಸಿಂಗ್ ಓದಿದ್ದು ನೀನೋ ನಾನೋ ಅಂತ ಕೇಳುತ್ತೀ. ನೀನು ಆರು ವರ್ಷದವಳಿದ್ದಾಗ ನಾನು ಎದೆರೋಗ ಅಂತ ಹದಿನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದೆನಲ್ಲ, ಅಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬಳಿದ್ದಳು. ಅವಳೂ ಹೀಗೇ ಮಾಡಿದಳು. ದವಡೆಯ ಸಂದಿಯಲ್ಲಿ ಮಾತ್ರೆ ಒತ್ತಿಟ್ಟುಕೊಂಡು, ಆಮೇಲೆ ತೆಗೆದು ಒಣಗಿಸಿ ತೋಳಿನಲ್ಲಿ ಹೊಲಿದುಕೊಳ್ಳುತ್ತಿದ್ದಳು. ಬಾಯಿ ನೋಡದೆ ಮುಂದೆ ಕಳಿಸಿದ ನರ್ಸುಗಳು ನಾಲ್ಕು ಜನ. ನಿನ್ನ ಹಾಗೇ ಬಲು ಮರ್ಯಾದಸ್ಥರು. ಅವರಲ್ಲಿ ಒಬ್ಬರ ಮುಖವೂ ಈಗ ನೆನಪಿಲ್ಲ.

ಐದನೆಯವಳು ನಾನು ನಿನಗೆ ನೂರು ಸಲ ಹೇಳಿದ ಆ ನರ್ಸಮ್ಮ. ದಪ್ಪಗೆ, ಒರಟು ಕೈ, ಸದಾ ಗಂಟಲು ಕಟ್ಟಿದ ದನಿ. ಎಲ್ಲರಿಗೂ ನಾಲಿಗೆ ಎತ್ತು ಅನ್ನುವವಳು. ಒಂದು ಸಂಜೆ ಪಕ್ಕದ ಹಾಸಿಗೆಯವಳ ದವಡೆಯೊಳಗೆ ಬೆರಳು ಹಾಕಿದಳು. ಇವಳು ಕಚ್ಚಿದಳು. ರಕ್ತ ಬರುವ ಹಾಗೆ ಕಚ್ಚಿದಳು. ನರ್ಸಮ್ಮ ಬೆರಳು ತೆಗೆಯಲಿಲ್ಲ. "ಕಚ್ಚು ತಾಯಿ, ಕಚ್ಚು. ಬೆರಳು ಬೇಕಾದ್ರೆ ನೀನೇ ಇಟ್ಕೋ, ಮಾತ್ರೆ ನಂಗೆ ಕೊಡು" ಅಂದಳು. ಆ ದಿನ ಸಿಕ್ಕಿದ್ದು ಬಾಯಲ್ಲಿದ್ದ ಒಂದೇ ಮಾತ್ರೆ. ತೋಳಿನಲ್ಲಿದ್ದದ್ದು ನರ್ಸಮ್ಮನಿಗೆ ಗೊತ್ತಾಗಲಿಲ್ಲ. ನಾಲ್ಕು ದಿನದ ಮೇಲೆ ಇವಳೇ ತೋಳಿನ ಹೊಲಿಗೆ ಬಿಚ್ಚಿ ಎಲ್ಲವನ್ನೂ ಅವಳ ಕೈಯಲ್ಲಿ ಸುರಿದಳು. ಯಾಕೆ ಅಂತ ನನಗೆ ಗೊತ್ತಿಲ್ಲ.

ಅವಳ ಕಥೆ ಕೇಳಿಯೇ ನೀನು ನರ್ಸಾಗುತ್ತೇನೆ ಅಂದದ್ದು. ನರ್ಸಮ್ಮನ ಹಾಗೆ ಆಗುತ್ತೇನೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೀ. ಹಾಗಾದರೆ ಆಗು. ಕಚ್ಚಿಸಿಕೊಳ್ಳುವ ಬೆರಳಿಲ್ಲದವಳು ಆ ಮಾತು ಆಡಬಾರದು.

ಇಲ್ಲಿ ಎಲ್ಲ ಸರಿಯಾಗಿದೆ. ನನ್ನ ಮಂಡಿ ನನ್ನ ಮಾತು ಕೇಳುವುದಿಲ್ಲ, ನಿನ್ನ ಹಾಗೇ. ಎದ್ದು ಹೋಗು.

ನಿನ್ನ ದೊಡ್ಡಮ್ಮ

ಮತ್ತೆ ಬರೆದದ್ದು: ಅಂಟು ಹಚ್ಚಿ ಆಗಿತ್ತು. ನಿನ್ನ ಅಮ್ಮ ಕೈ ಹಿಡಿದಳು. "ಅರ್ಧ ಹೇಳಿದ್ರೆ ಅವಳು ನಂಬಲ್ಲ ಅಕ್ಕಾ. ಮುದುಕಿಗೆ ಹೊಟ್ಟೆಕಿಚ್ಚು, ಕೆಲಸ ಬಿಡ್ಸೋಕೆ ಏನೇನೋ ಕಟ್ತಿದಾಳೆ ಅಂದ್ಕೋತಾಳೆ" ಅಂದಳು. "ಅಂದ್ಕೊಳ್ಳಲಿ ಬಿಡು" ಅಂದೆ. "ಅಂದ್ಕೊಂಡ್ರೆ ಆ ಹೆಂಗಸು ಸಾಯ್ತಾಳೆ" ಅಂದಳು. ಜನ್ಮದಲ್ಲಿ ಒಂದು ಸಲ ಅಳದೆ ಮಾತಾಡಿದಳು. ಒಡೆದು ಬರೆಯುತ್ತಿದ್ದೇನೆ.

ಪಕ್ಕದ ಹಾಸಿಗೆಯಲ್ಲಿ ಯಾರೂ ಇರಲಿಲ್ಲ. ನನಗೆ ಎದೆರೋಗವೂ ಇರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆಯಲ್ಲಿ ಮೇಸ್ತ್ರಿಯ ಕೈಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತಿದೆ. ಆ ಕೈ ಅದಕ್ಕೆ ಮೊದಲು ಯಾರ ಮೈಮೇಲಿತ್ತು ಅನ್ನುವುದು ಎದುರು ಕೂತು ಹೇಳುವ ಮಾತು. ಹದಿನಾಲ್ಕು ತಿಂಗಳು ಇದ್ದದ್ದು ನೀನು ಈಗ ಕೆಲಸ ಮಾಡುವ ಜೈಲಿನಲ್ಲೇ. ಬೇರೆ ಯಾವ ಜೈಲಾಗಿದ್ದರೂ ನಿನ್ನನ್ನು ತಡೆಯುತ್ತಿರಲಿಲ್ಲ. ಯಾವುದೋ ಹಳೇ ರಿಜಿಸ್ಟರಿನಲ್ಲಿ ನನ್ನ ಹೆಸರು ಕಂಡರೆ ನೀನು ಯಾವ ಮುಖದಲ್ಲಿ ಮನೆಗೆ ಬರುತ್ತೀಯೋ ಅಂತ ಹೆದರಿದ್ದೆ.

ಭೇಟಿ ಕೋಣೆಯ ಜಾಲರಿಗೆ ಹಸಿರು ಬಣ್ಣ ಹಚ್ಚಿದ್ದಾರೆ ಅಂತ ಬರೆದಿದ್ದೀ. ಆಗಲೂ ಹಸಿರೇ ಇತ್ತು. ನಾನು ಕಚ್ಚಿದ ನಾಲ್ಕನೇ ದಿನ, ಭಾನುವಾರ, ಅಮ್ಮ ನಿನ್ನನ್ನು ಕರೆದುಕೊಂಡು ಬಂದಳು. ನನ್ನ ತೋಳಿನಲ್ಲಿ ಹತ್ತೊಂಬತ್ತು ಮಾತ್ರೆ ಇದ್ದವು. ನೀನು ಜಾಲರಿಯ ತೂತಿನಲ್ಲಿ ಬೆರಳು ತೂರಿಸಿ, "ದೊಡ್ಡಮ್ಮಾ, ಈ ಆಸ್ಪತ್ರೇಲಿ ಸೊಳ್ಳೆ ಜಾಸ್ತಿನಾ?" ಅಂತ ಕೇಳಿದೆ. ನಾನು ಹೌದು ಅಂದೆ. "ನಾನು ದೊಡ್ಡವಳಾಗಿ ಬಂದು ಎಲ್ಲಾ ಹೊಡೀತೀನಿ. ಅಲ್ಲೀವರೆಗೂ ಇರ್ತೀಯಲ್ಲ?" ಅಂದೆ ನೀನು.

ಆ ಸಂಜೆ ಸಾಲಿನಲ್ಲಿ ನಾನೇ ಮೊದಲು ನಿಂತೆ. ನರ್ಸಮ್ಮನ ಬೆರಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ಅವಳು ಹೇಳುವ ಮೊದಲೇ ಬಾಯಿ ತೆರೆದು ನಾಲಿಗೆ ಎತ್ತಿದೆ.

ಆ ಅಜ್ಜಿಯ ಪಕ್ಕ ಕೂತಾಗ, ಅವಳ ಮಗಳು ಯಾವತ್ತು ಬರುತ್ತಾಳೆ ಅಂತ ಕೇಳು. ಡ್ರೈವರು ಹಾರ್ನ್ ಹೊಡೆಯುತ್ತಿದ್ದಾನೆ.