ಗಾಳಿ ಬೇಕೆಂದ ಹಳದಿ ಕಿಣ್ವ

ಮನೆ, ಗುರುವಾರ ಸಂಜೆ

ನನ್ನ ಪ್ರೀತಿಯ ಮುಂಗೋಪಿಗಳೇ,

ಹೇಗಿದ್ದೀರಿ? ಸೊಂಟನೋವು ಇಳಿಯಿತೇ? ನಿಮ್ಮಕ್ಕನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿರುವುದರಿಂದ ಮೈ ತುಂಬಿಕೊಂಡಿರಬೇಕು. ಭಾವನ ಅಂಗಡಿಯಲ್ಲಿ ಕನ್ನಡಿಗೆ ಚೌಕಟ್ಟು ಕೂರಿಸುವಾಗ ಕೈ ಜೋಪಾನ. ನಾನು ಚೆನ್ನಾಗಿದ್ದೇನೆ, ಜಗಳಕ್ಕೆ ಜನ ಇಲ್ಲ ಅನ್ನುವುದೊಂದೇ ಕೊರತೆ. ನನ್ನ ಫೋನ್ ಎತ್ತದ ನಿಮಗೆ ಪತ್ರವೇ ಗತಿ ಎಂದು ಭಾವನ ಗಾಡಿಯವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

"ಇನ್ನು ಈ ಜನ್ಮದಲ್ಲಿ ಟ್ಯೂಬ್ ಮುಟ್ಟಲ್ಲ" ಎಂದು ನೀವು ಲ್ಯಾಬಿನಿಂದ ಎದ್ದು ಹೋದ ಮೇಲೆ, ಬರುವ ಸೋಮವಾರ ನಿಮ್ಮ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದೆಂದು ನಮ್ಮ ಲ್ಯಾಬಿನ ಮೇಡಂ ತೀರ್ಮಾನಿಸಿದರು. ನಿಮ್ಮ ಮೇಜು ಖಾಲಿ ಮಾಡುವ ಕೆಲಸ, ಇನ್ನಾರಿಗೆ, ನನಗೇ ಬಿತ್ತು. ಗಾಳಿಯಿಲ್ಲದ ಆ ಗಾಜಿನ ಪೆಟ್ಟಿಗೆಯಲ್ಲಿ ನಿಮ್ಮ ಕಿಣ್ವ ಕಚ್ಚಾವಸ್ತುವಿನ ಜೊತೆ ಬಿಳಿಚಿಕೊಂಡು ಕೂತಿತ್ತು. ಮಣ್ಣಿನ ಸೂಕ್ಷ್ಮಜೀವಿ ತನ್ನ ಔಷಧಿ ತಯಾರಿಸುವಾಗ ಕೊನೆಯ ಹೆಜ್ಜೆ ಇದರದ್ದೇ ಎಂದು ನೀವು ಎಷ್ಟು ವಾದಿಸಿದ್ದಿರಿ! ಅದರ ಹಳದಿ ಬಿ-ಎರಡು ವಿಟಮಿನ್ನಿನಿಂದ ಬಂದದ್ದು. ಬಣ್ಣ ಹೋಯಿತೆಂದರೆ ಪ್ರಾಣವೇ ಹೋಯಿತೆಂದು ತಲೆಯ ಮೇಲೆ ಕೈ ಹೊತ್ತು ಕೂತಿರಿ.

ಚೆಲ್ಲಲೆಂದು ಒಂದು ಟ್ಯೂಬನ್ನು ಹೊರಗೆ ತಂದು ಮುಚ್ಚಳ ತೆಗೆದೆ. ಅಷ್ಟರಲ್ಲಿ ನಿಮ್ಮಕ್ಕನ ಫೋನ್. ಮಾತು ಮುಗಿಸಿ ನೋಡುತ್ತೇನೆ, ಹಳದಿ! ಕೂಡಲೇ, ಒಳಗೆ ಏನೇನಿದೆ ಎಂದು ತೋರಿಸುವ ಯಂತ್ರಕ್ಕೆ ಹಾಕಿದೆ. ನೀವು ವರ್ಷವಿಡೀ ಹುಡುಕಿದ ಔಷಧಿ ಅದರಲ್ಲಿತ್ತು. ಕಿಣ್ವ ಹಾಕದ ಟ್ಯೂಬನ್ನು ಗಾಳಿಗಿಟ್ಟರೂ ಅದರಲ್ಲಿ ಇರಲಿಲ್ಲ, ಪೆಟ್ಟಿಗೆಯೊಳಗೇ ಉಳಿದದ್ದರಲ್ಲೂ ಇರಲಿಲ್ಲ. ಆಗ ಹೊಳೆಯಿತು: ನೀವು ಇದಕ್ಕೂ ಮುಂಚೆ ಕೆಲಸ ಮಾಡಿದ ಕಿಣ್ವ ಗಾಳಿ ಸೋಕಿದರೆ ಕೆಡುತ್ತಿತ್ತೆಂದು ಇದಕ್ಕೂ ನೀವು ಅದೇ ಪಥ್ಯ ಹಾಕಿದ್ದಿರಿ. ಪಾಪ, ಇದು ಸತ್ತಿರಲಿಲ್ಲ, ಆಮ್ಲಜನಕಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದಿತ್ತು. ಸಿಕ್ಕಿದ್ದೇ ತಡ, ಅದರ ಒಂದು ಪರಮಾಣುವನ್ನು ಕಚ್ಚಾವಸ್ತುವಿಗೆ ಅಂಟಿಸಿ ಔಷಧಿ ಮಾಡಿ, ಇನ್ನೊಂದನ್ನು ನೀರಾಗಿಸಿ, ತಾನು ಮತ್ತೆ ಹಳದಿಯಾಯಿತು. ಒಬ್ಬಳೇ ನಗುತ್ತಿದ್ದ ನನ್ನನ್ನು ನೋಡಿ ಪಕ್ಕದ ಮೇಜಿನವರು ಗಾಬರಿಯಾದರು. ನೀವು ಜೊತೆಯಲ್ಲಿಲ್ಲವಲ್ಲ ಎಂದು ನಕ್ಕು ನಕ್ಕು ಕೊನೆಗೆ ಅತ್ತೇಬಿಟ್ಟೆ.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸಿ. ಮಾತ್ರೆ ನುಂಗುವುದನ್ನು ಮರೆಯಬೇಡಿ.

ನಿಮ್ಮ
ಜಗಳಗಂಟಿ

ತಾ.ಕ.: ಗಾಡಿಯವರು ಹಾರ್ನ್ ಹೊಡೆಯುತ್ತಿದ್ದಾರೆ, ಮುಖ್ಯ ವಿಷಯವೇ ಬಿಟ್ಟುಹೋಯಿತು. ಟ್ಯೂಬ್ ನೋಡಿ ಮೇಡಂ, "ಇದನ್ನ ಮಾಡಿದೋರು ಎಲ್ಲಮ್ಮಾ?" ಅಂದರು. ಸೋಮವಾರ ಬೆಳಿಗ್ಗೆ ಬಂದೇ ಬರುತ್ತಾರೆ ಎಂದು ನಿಮ್ಮನ್ನು ಕೇಳದೆಯೇ ಹೇಳಿಬಿಟ್ಟಿದ್ದೇನೆ. ಅಲ್ಲಿಯವರೆಗೆ ಬೇರೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.